2-2 ಬಳೆಯ ಕೈಗೆ ಒಂದು ಪಿಸ್ತೂಲಿನ ಹಿಡಿ

ನನ್ನ ಬಳೆ ಸೈಜು 2-2. ಚಿಕ್ಕಮಗಳೂರಿನ ಬಳೆ ಅಂಗಡಿಯಲ್ಲಿ ಕೇಳಿದರೆ ‘ಮಗಳಿಗಾ ಮೇಡಂ?’ ಅಂತಾರೆ. ಇಂಥ ಕೈಗೆ 38ನೇ ವಯಸ್ಸಿನಲ್ಲಿ ಪಿಸ್ತೂಲಿನ ಹುಚ್ಚು ಹತ್ತಿತು. ಗಾಬರಿ ಬೇಡ, ಇದು 10 ಮೀಟರ್ ಏರ್ ಪಿಸ್ತೂಲು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದರಲ್ಲ, ಅದೇ ಆಟ.

ನನ್ನ ಶೂಟಿಂಗ್ ರೇಂಜ್ ಅಂದರೆ ಆಲ್ದೂರಿನ ಹತ್ತಿರ ನಮ್ಮ ತೋಟದ ಕಾಫಿ ಗೋದಾಮು. ಕುಯ್ಲಿನ ಕಾಲದಲ್ಲಿ ಮೂಟೆ ತುಂಬಿ 10 ಮೀಟರ್ ಸಿಗೋದೇ ಇಲ್ಲ. ಮಳೆಗಾಲದಲ್ಲಿ ಖಾಲಿ. ಆಗ ನಾನು, ಹೆಂಚಿನ ಮೇಲಿನ ಮಳೆ ಸದ್ದು, ಆ ಕಡೆ ಗೋಡೆಯಲ್ಲೊಂದು ಬಲ್ಬು.

ಪಿಸ್ತೂಲು ಸೆಕೆಂಡ್ ಹ್ಯಾಂಡ್. ‘ಹಿಡಿ ಮೀಡಿಯಂ ಸೈಜು, ಎಲ್ಲರಿಗೂ ಆಗುತ್ತೆ’ ಅಂದರು ಮಾರಿದವರು. ನಾನೂ ನಂಬಿದೆ. ಎರಡು ತಿಂಗಳು ಗುಂಡೆಲ್ಲಾ ಎಡಕ್ಕೇ ಹೋದವು. ಗುರಿಯ ನಡುವಿನ 10 ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಸುತ್ತಲಿನ ಕಪ್ಪು ಭಾಗ 59.5. ನನ್ನ ಗುಂಡುಗಳು ಆ ಕಪ್ಪಿನ ಎಡ ಅಂಚಿನಲ್ಲಿ, 7ರ ಸಾಲಿನಲ್ಲಿ, ಗುಂಪಾಗಿ ಕೂರುತ್ತಿದ್ದವು. ವಿಡಿಯೋ ಕಾಲ್‌ನಲ್ಲಿ ಕೋಚ್ ‘ಟ್ರಿಗರ್ ಕೀಳ್ತಿದ್ದೀರಾ, ನಿಧಾನ’ ಅಂತ ಬೈದರು. ನಿಧಾನ ಮಾಡಿದೆ. ನಿಧಾನವಾಗಿ ಎಡಕ್ಕೆ ಹೋದವು.

ಒಂದು ದಿನ ಪಕ್ಕದಿಂದ ಫೋಟೋ ತೆಗೆಸಿ ನೋಡಿದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಇರಬೇಕು. ನನ್ನದು ಬರೀ ತುದಿ, ಉಗುರಿನ ಹತ್ತಿರ. ನಿಯಮದ ಪ್ರಕಾರ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಭಾರ ಬೇಕು. ಅಷ್ಟನ್ನು ತುದಿಬೆರಳಲ್ಲಿ ಒತ್ತಿದರೆ ಟ್ರಿಗರ್ ನೇರ ಹಿಂದಕ್ಕೆ ಬರೋದಿಲ್ಲ, ಪಿಸ್ತೂಲನ್ನೇ ಎಡಕ್ಕೆ ನೂಕುತ್ತದೆ. ಜೊತೆಗೆ ಬೆರಳು ಎಟುಕಲಿ ಅಂತ ನಾನೇ ಗೊತ್ತಿಲ್ಲದೆ ಅಂಗೈ ತಿರುಗಿಸಿಕೊಂಡಿದ್ದೆ. ನಳಿಗೆ ಒಂದು ಕಡೆ, ಮುಂಗೈ ಇನ್ನೊಂದು ಕಡೆ.

ಅಲೆನ್ ಕೀ ಹಾಕಿ ಟ್ರಿಗರನ್ನು ಪೂರ್ತಿ ಹಿಂದಕ್ಕೆ ತಂದೆ. ಇನ್ನೂ 5 ಮಿಲಿಮೀಟರ್ ಸಾಲದು.

ಆಮೇಲೆ ಮಾಡಿದ್ದು ನನ್ನ ಅತಿಬುದ್ಧಿ. ಅಂಗೈ ಮತ್ತು ಹಿಡಿಯ ನಡುವೆ ಸಂದು ಇತ್ತಲ್ಲ, ಎಂ-ಸೀಲ್ ಕಲಸಿ ತುಂಬಿಸಿಬಿಟ್ಟೆ. ಹಿಡಿತ ಏನೋ ಗಟ್ಟಿಯಾಯಿತು. ಆದರೆ ಅದು ಕೈಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತು, ಬೆರಳು ಮತ್ತೂ ದೂರ! ಸಣ್ಣ ಕೈಯವರು ಸೇರಿಸೋದಕ್ಕಿಂತ ಮೊದಲು ಕೆತ್ತಬೇಕು ಅನ್ನೋದು ಆಗ ತಲೆಗೆ ಹೋಯಿತು.

ಎಲ್ಲಿ ಕೆತ್ತಬೇಕು? ನಾನು ಟೀಚರ್, ಸೀಮೆಸುಣ್ಣಕ್ಕೆ ಬರವಿಲ್ಲ. ಅಂಗೈಗೆ ಪುಡಿ ಬಳಿದುಕೊಂಡು ಹಿಡಿದು ಬಿಟ್ಟೆ. ಮರದ ಮೇಲೆ ದಟ್ಟ ಬಿಳಿ ಬಿದ್ದದ್ದು ಎರಡೇ ಕಡೆ. ಹಿಂಬದಿಯಲ್ಲಿ ಹೆಬ್ಬೆರಳು–ತೋರುಬೆರಳಿನ ಕವಲು ಕೂರುವ ಜಾಗ, ಮತ್ತೆ ಬಲಗಡೆ ತೋರುಬೆರಳಿನ ಬುಡ.

ಒಂದೇ ಸ್ಕ್ರೂ ಬಿಚ್ಚಿ ಹಿಡಿಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಆಚಾರ್ರ ಹತ್ತಿರ ಹೋದೆ. ಟ್ರಿಗರ್ ಎಷ್ಟು ದೂರ ಅಂತ ತೋರಿಸೋಕೆ ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದೆ. ಅವರು ಹಿಡಿಯನ್ನು ಮೂಸಿ ನೋಡಿ ‘ಅಕ್ರೋಟ್ ಮರ, ನಮ್ಮ ಬೀಟೆ ಮುಂದೆ ಏನಿಲ್ಲ’ ಅಂದರು. ಆಮೇಲೆ ಮೂಲೆಯಿಂದ ಕಾಫಿ ಗಿಡದ ಚಿಗುರು ತೆಗೆಯುವ ಒಂದು ಕತ್ತಿ ಕೊಟ್ಟು ಹಿಡಿಯಲು ಹೇಳಿದರು. ‘ಟೀಚರೇ, ಹೆಣ್ಣಾಳಿನ ಕತ್ತಿಗೆ ನಾನು ಕಾವು ಸಪೂರ ಮಾಡೋದು. ಇದನ್ನ ಯಾವ ಪೈಲ್ವಾನನಿಗೆ ಮಾಡಿದ್ದಾರೆ?’

ಅರ ಹಿಡಿದು ಉಜ್ಜೋದು, ನನ್ನ ಕೈಗೆ ಕೊಡೋದು, ಮತ್ತೆ ಉಜ್ಜೋದು. ಒಂದೂವರೆ ಗಂಟೆ. ತೋರುಬೆರಳು ಮರಕ್ಕೆ ತಾಗಬಾರದು, ಆ ಕಡೆ ಒಂದು ಕಾಗದ ತೂರುವಷ್ಟಾದರೂ ಸಂದು ಬೇಕು ಅಂದೆ. ಸರಿಯಾಗಿ ಬಿಟ್ಟರು. ಅಂಗೈ ಕೆಳಗಿನ ಹಲಗೆಯನ್ನು ಮೇಲಕ್ಕೆ ಬಗ್ಗಿಸಿ ಕೈ ಅಪ್ಪಿಕೊಳ್ಳುವ ಹಾಗೆ ಮಾಡಿಕೊಡ್ತೀನಿ ಅಂತಲೂ ಹೊರಟರು. ಪಾಪ, ಒಳ್ಳೆ ಐಡಿಯಾ. ಆದರೆ ಹಿಡಿ ಕೈಯನ್ನು ಸುತ್ತಿಕೊಳ್ಳಬಾರದು, ಸ್ಪರ್ಧೆಯಲ್ಲಿ ಒಪ್ಪೋದಿಲ್ಲ.

ಮನೆಗೆ ಬಂದು ಅಗಸೆ ಎಣ್ಣೆ ಸವರಿ ಎರಡು ದಿನ ಒಣಗಿಸಿದೆ. ಆಮೇಲೆ ಗುಂಡು ಹಾಕದೆ ಒಂದು ಪರೀಕ್ಷೆ: ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ಬಿಟ್ಟು ನೋಡೋದು. ಗುರಿ ನೋಡುವ ಮುಂದಿನ ಸೈಟು ಹಿಂದಿನ ಸೈಟಿನ ಕಂಡಿಯ ನಡುವೆ ತಾನಾಗೇ ನಿಂತಿರಬೇಕು. ಕೊಳ್ಳುವ ಮೊದಲೇ ಇದೊಂದು ಮಾಡಿದ್ದರೆ ಎರಡು ತಿಂಗಳ ಬೈಗುಳ ತಪ್ಪುತ್ತಿತ್ತು. ಅಂಗಡಿಯಲ್ಲಿ S, M ಅಂತ ಬರೆದಿರೋದನ್ನು ಜಾಸ್ತಿ ನಂಬಬೇಡಿ. ಅಂಗೈ ಅಗಲ ಇದ್ದು ಬೆರಳು ಗಿಡ್ಡ ಇರೋರೂ ಇರ್ತಾರೆ, ಅಲ್ವಾ?

ನಿನ್ನೆ ಹತ್ತು ಗುಂಡು ಹೊಡೆದೆ. ಒಂದೂ ಎಡಕ್ಕೆ ಹೋಗಲಿಲ್ಲ. ನಾಲ್ಕು ಬಲಕ್ಕೆ ಹೋದವು. ಈಗ ಬೆರಳು ಜಾಸ್ತಿ ಒಳಗೆ ಹೋಗ್ತಿದೆ. ಅಲೆನ್ ಕೀ ಎಲ್ಲಿಟ್ಟೆನೋ ಹುಡುಕಬೇಕು.