ಮೊದಲು ಮಾತು, ಆಮೇಲೆ ಕುದುರೆ

ಜನವರಿಯ ಒಂದು ಸಂಜೆ ಮಗಳು ಫೋನ್ ತಂದು ನನ್ನ ಮುಂದೆ ಹಿಡಿದಳು. ಬೂದು ಬಣ್ಣದ ಗಂಡು ಕುದುರೆ, ಕನ್ನೆಮಾರ ತಳಿ, ಹದಿನಾಲ್ಕು ವರ್ಷ. ಎತ್ತರ 14.1 ಹ್ಯಾಂಡ್ಸ್, ಅಂದರೆ 57 ಇಂಚು. ಕೆಳಗೆ 'ಲೋನ್ ಅಥವಾ ಮಾರಾಟಕ್ಕೆ' ಅಂತ ಬರೆದಿತ್ತು. ಲೋನ್ ಅಂದರೆ ದುಡ್ಡಿನ ಸಾಲವಲ್ಲ, ಕುದುರೆಯನ್ನೇ ಸಾಕುವುದಕ್ಕೆ ಕೊಡುವುದು.

"ಅಮ್ಮ, ಶನಿವಾರ ಸುಮ್ನೆ ನೋಡ್ಕೊಂಡು ಬರೋಣ."

ಸುಮ್ನೆ ನೋಡಿ ಬರುವುದು ಹದಿಮೂರು ವರ್ಷದ ಹುಡುಗಿಗೆ ಆಗದ ಮಾತು. ಹೋದ ವರ್ಷ ಒಂದು ಪೋನಿಯನ್ನು, ಅಂದರೆ ಗಿಡ್ಡ ಕುದುರೆಯನ್ನು, ಲೋನ್ ಮೇಲೆ ತಂದಿದ್ದೆವು. ಮಾತು ಬರೀ ಬಾಯಲ್ಲೇ ಆಗಿತ್ತು. ಏಳನೇ ತಿಂಗಳಿಗೆ ಒಡತಿಗೆ ಒಳ್ಳೆ ಗಿರಾಕಿ ಸಿಕ್ಕರು, ಪೋನಿ ಹೋಯಿತು. ಮಗಳು ಎಷ್ಟೋ ದಿನ ಅದರ ಬ್ರಷ್ಷನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ಅದಕ್ಕೇ 'ಅಥವಾ ಮಾರಾಟಕ್ಕೆ' ಅನ್ನುವುದನ್ನು ಓದಿದಾಗ ನನಗೆ ಎದೆ ಧಸಕ್ ಅಂತು.

ಇಂಗ್ಲೆಂಡಿನಲ್ಲಿ ಕುದುರೆಯನ್ನು ಲೋನ್ ಕೊಡುವುದು ಬಹಳ ಮಾಮೂಲು. ಕುದುರೆ ಅವರದೇ, ಸಾಕುವುದು ನಾವು. ಲಾಯದ ಬಾಡಿಗೆ, ಹುಲ್ಲು, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವವರ ಖರ್ಚು, ಇನ್ಶೂರೆನ್ಸ್ ಎಲ್ಲ ನಮ್ಮದು. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ, "ಪಾಲಿಗೆ ಕುರಿ ಸಾಕೋ ಥರಾನೇನವ್ವ?" ಅಂದರು. ಪಾಲೂ ಇಲ್ಲ ಅಪ್ಪ, ಮಗು ಹತ್ತುತ್ತಾಳೆ ಅಷ್ಟೆ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸುಳಿ ಹೆಂಗವೆ?"

ಅಪ್ಪ ಘಾಟಿ ಜಾತ್ರೆಯಲ್ಲಿ ಎತ್ತು ಹಿಡಿಯುತ್ತಿದ್ದವರು. ಟವಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದಕ್ಕೆ ಎಷ್ಟೋ ಮುಂಚೆ ಅವರ ಮಾತು ಶುರುವಾಗುತ್ತಿತ್ತು. ಎತ್ತಿನ ಹತ್ತಿರ ಹೋಗದೆ, ದೂರದಲ್ಲೇ ಬೀಡಿ ಹಚ್ಚಿಕೊಂಡು ಯಜಮಾನನನ್ನು ಕೇಳುವರು: ಯಾಕೆ ಮಾರ್ತಿದ್ದೀಯ, ಹೋದ ಸಲ ಎಷ್ಟು ಎಕರೆ ಉಳುಮೆ ಮಾಡ್ತು, ಎಡಗೋಲಾ ಬಲಗೋಲಾ. ಉತ್ತರ ಸರಿ ಬರದಿದ್ದರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ತನಕ ಹೋಗುತ್ತಲೇ ಇರಲಿಲ್ಲ. ಸುಳಿಯ ವಿಷಯ ಹೇಳಿದರೆ ಆಶ್ಚರ್ಯ ಅನಿಸಬಹುದು. ಇಲ್ಲಿ ಇಂಗ್ಲೆಂಡಿನಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಇರಲೇಬೇಕು. ಅದರ ಚಿತ್ರದಲ್ಲಿ ಸುಳಿಗಳನ್ನೂ ಗುರುತು ಹಾಕಿರುತ್ತಾರೆ. ಅದೃಷ್ಟ ನೋಡುವುದಕ್ಕಲ್ಲ, ಇದೇ ಆ ಕುದುರೆ ಅಂತ ಗುರುತು ಹಿಡಿಯುವುದಕ್ಕೆ. ಅಪ್ಪನಿಗೆ ಇದು ಬಹಳ ಹಿಡಿಸಿತು.

ಆ ರಾತ್ರಿ ನಾನೂ ಮಗಳೂ ಕೂತು ಜಾಹೀರಾತನ್ನು ಒಂದೊಂದೇ ಸಾಲು ಓದಿದೆವು. 'ಚುರುಕು' ಅಂದರೆ ಹೊಸಬರ ಕೈಗೆ ನಿಲ್ಲದೆ ಓಡಬಹುದು. 'ಜೊತೆಯಿದ್ದರೆ ಖುಷಿ' ಅಂದರೆ ಒಂಟಿ ಬಿಟ್ಟರೆ ಗಲಾಟೆ ಮಾಡಬಹುದು. ಮಗಳು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡಳು. ಈಗಲೂ ವಾರಾ ವಾರ ಸವಾರಿ ಇದೆಯಾ? ಟ್ರೈಲರ್ ಹತ್ತುತ್ತಾ? ಕಾಲಿಗೆ ಪೆಟ್ಟಾಗಿತ್ತಾ? ನಾವು ಬರುವ ಮೊದಲು ಯಾರೂ ಓಡಿಸದೆ ಇಡ್ತೀರಾ? (ಮುಂಚೆಯೇ ಓಡಿಸಿ ಸುಸ್ತು ಮಾಡಿದ್ದರೆ ಎಂಥ ಪುಂಡ ಕುದುರೆಯೂ ಸಾಧುವಾಗಿ ಕಾಣುತ್ತದೆ. ಈ ಪ್ರಶ್ನೆ ಮರೆಯಲೇಬಾರದು.) ನನ್ನ ಪ್ರಶ್ನೆ ಒಂದೇ: ಲೋನ್ ಮಧ್ಯದಲ್ಲಿ ಮಾರುವುದಾದರೆ ಮೊದಲು ನಮ್ಮನ್ನು ಕೇಳುತ್ತೇವೆ ಅಂತ ಬರೆದು ಕೊಡುತ್ತೀರಾ?

ಮಾರನೇ ದಿನ ಕುದುರೆಯ ಒಡತಿಗೆ ಫೋನ್ ಮಾಡಿದೆ. ಆಕೆ ಎಲ್ಲದಕ್ಕೂ ನೇರವಾಗಿ ಉತ್ತರ ಕೊಟ್ಟರು, ಬರೆದು ಕೊಡಲೂ ಒಪ್ಪಿದರು. ಮನಸ್ಸಿನಲ್ಲಿ ಆಗಲೇ ಶನಿವಾರದ ದಾರಿಗೆ ಬುತ್ತಿ ಕಟ್ಟುತ್ತಿದ್ದೆ. ಕೊನೆಗೆ ಮಗಳು, ಫೋಟೋಗಳೆಲ್ಲ ಯಾಕೆ ಚಳಿಗಾಲದವು ಅಂತ ಕೇಳು ಅಂತ ಸನ್ನೆ ಮಾಡಿದಳು.

ಅವರು ಉಸಿರು ಬಿಟ್ಟು ಹೇಳಿದರು, "ಅವನಿಗೆ ಸ್ವೀಟ್ ಇಚ್ ಇದೆ."

ಗುಂಗುರಿನಂಥ ಸಣ್ಣ ಹುಳ ಕಚ್ಚಿ ಬರುವ ಅಲರ್ಜಿ ಅದು. ಬೇಸಿಗೆ ಪೂರ್ತಿ ಕುದುರೆ ಕಂಬಕ್ಕೂ ಮರಕ್ಕೂ ಉಜ್ಜಿಕೊಂಡು ಬಾಲದ ಬುಡ, ಕುತ್ತಿಗೆ ಎಲ್ಲ ಗಾಯ ಮಾಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಹುಳ ಇರುವುದಿಲ್ಲ, ಗಾಯ ಮಾಯುತ್ತದೆ, ಕೂದಲೂ ಬರುತ್ತದೆ. ಹುಳ ಹುಟ್ಟುವುದು ತೇವದ ನೆಲದಲ್ಲಿ, ಜಾಸ್ತಿ ಕಚ್ಚುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಗಾಳಿ ಬೀಸುವ ಒಣ ಗುಡ್ಡದ ಮೇಲೆ, ಮೈತುಂಬ ಹೊದಿಕೆ ಹಾಕಿ ಇಟ್ಟರೆ ಇವನು ಚೆನ್ನಾಗಿಯೇ ಇರುತ್ತಾನಂತೆ.

ನಮ್ಮ ಲಾಯದ ಹುಲ್ಲುಗಾವಲಿನ ಅಂಚಿನಲ್ಲೇ ಹಳ್ಳ ಹರಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕುದುರೆಗಳನ್ನು ಹಗಲೂ ರಾತ್ರಿ ಹೊರಗೇ ಬಿಡುತ್ತಾರೆ. ಸಂಜೆ ಬೇಲಿ ಹತ್ತಿರ ನಿಂತರೆ ನಮ್ಮ ಮುಖಕ್ಕೇ ಹುಳ ಮುತ್ತುತ್ತವೆ.

ಮಗಳಿಗೆ ನಾನು ಏನೂ ಹೇಳಲಿಲ್ಲ. ಅವಳೂ ತುಂಬ ಹೊತ್ತು ಫೋಟೋ ನೋಡುತ್ತಲೇ ಇದ್ದಳು. ಆಮೇಲೆ ಫೋನ್ ಕೈಗೆ ತೆಗೆದುಕೊಂಡು ತಾನೇ ಆಕೆಗೆ ಮೆಸೇಜ್ ಬರೆದಳು. ನಿಮ್ಮ ಕುದುರೆ ನನಗೆ ತುಂಬ ಇಷ್ಟ, ಆದರೆ ನಮ್ಮ ಹೊಲದ ಪಕ್ಕ ನೀರಿದೆ, ಅವನಿಗೆ ಕಷ್ಟ ಆಗುತ್ತೆ, ಹಾಗಾಗಿ ನಾವು ಬರಲ್ಲ. ಕಳಿಸಿ ಮುಗಿದ ಮೇಲೆ ಅತ್ತಳು. ನಾನು ಅವಳ ಪಕ್ಕ ಕೂತಿದ್ದೆ.

ಮೂರು ವಾರದ ಮೇಲೆ ಆಕೆಯಿಂದ ಒಂದು ಫೋಟೋ ಬಂತು. ಬೋಳು ಗುಡ್ಡದ ಮೇಲೆ ಬೂದು ಕುದುರೆ ನಿಂತಿತ್ತು. ಗಾಳಿಗೆ ಅದರ ಬಾಲ ಒಂದು ಕಡೆಗೆ ಹಾರುತ್ತಿತ್ತು.