ಗುಂಡಿಯಷ್ಟು ಬೆಳಕು

ಟೆಂಟಿನ ಹಗ್ಗಕ್ಕೋ ಬ್ಯಾಗಿನ ಬೆನ್ನಿಗೋ ಸಿಕ್ಕಿಸುವ ಪುಟ್ಟ ಮಾರ್ಕರ್ ಲೈಟು ದಾರಿ ತೋರಿಸುವುದಿಲ್ಲ, ‘ಇಲ್ಲಿದ್ದೇನೆ’ ಅನ್ನುತ್ತದೆ, ಅಷ್ಟೇ. ಕತ್ತಲಲ್ಲಿ ಅದೇನು ಸಣ್ಣ ಮಾತಲ್ಲ ಬಿಡಿ.

ಒಳಗೆ ನೀರು ನುಗ್ಗಿದರೆ ಮೊದಲು ಮುಚ್ಚಳದ ರಬ್ಬರ್ ಉಂಗುರ ನೋಡಿ. ಒಂದು ಕೂದಲೆಳೆ, ಒಂದು ಮರಳಿನ ಕಣ ಕೂತಿದ್ದರೂ ಸಾಕು. ಸೆಲ್ ಬದಲಿಸುವಾಗೆಲ್ಲ ಉಂಗುರ ಒರೆಸಿ, ಸಿಲಿಕೋನ್ ಗ್ರೀಸನ್ನು ಬರೀ ಹೊಳಪು ಬರುವಷ್ಟು ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಕೆಲವು ರಬ್ಬರ್ ಉಬ್ಬಿಕೊಳ್ಳುತ್ತದೆ. ನೀರು ತಡೆಯುವ ದರ್ಜೆ ಐಪಿಎಕ್ಸ್7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ, ಅಷ್ಟೇ. ರಾತ್ರಿ ಡೈವಿಂಗಿಗೆ ಸಾಲದು.

ಟೆಂಟಿನ ಸುತ್ತ ಕೆಂಪು ಬೆಳಕೇ ಇರಲಿ. ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ಕತ್ತಲಿಗೆ ಪೂರ್ತಿ ಒಗ್ಗಲು ಮತ್ತೆ 20-30 ನಿಮಿಷ ಬೇಕು.

ಉಪ್ಪುನೀರಿನಿಂದ ಬಂದರೆ ಮುಚ್ಚಳ ತೆಗೆಯುವ ಮೊದಲೇ ಸಿಹಿನೀರಲ್ಲಿ ತೊಳೆಯಿರಿ.