ಮಳೆಯ ಲೆಕ್ಕ ಹಿಡಿದು ಶ್ರೀಲಂಕಾ ಸುತ್ತಿದ್ದು

ಶ್ರೀಲಂಕಾಕ್ಕೆ ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು ಅಂತ ಕೇಳುವವರು ಬಹಳ ಜನ. ಹೆಚ್ಚುಕಮ್ಮಿ ವರ್ಷವಿಡೀ ಹೋಗಬಹುದು, ಆದರೆ ಯಾವ ತಿಂಗಳಲ್ಲಿ ದ್ವೀಪದ ಯಾವ ಮಗ್ಗುಲಿಗೆ ಹೋಗಬೇಕು ಅನ್ನುವುದು ಗೊತ್ತಿರಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಂಗಳೂರು, ಆಗುಂಬೆಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿ ಕೊಲಂಬೊ, ಗಾಲ್ ಕಡೆಯ ಕರಾವಳಿಗೂ ನಡುವಿನ ಬೆಟ್ಟಸಾಲಿಗೂ ಮಳೆ ಸುರಿಸುತ್ತದೆ. ಆ ದಿನಗಳಲ್ಲಿ ಬೆಟ್ಟದ ಆಚೆಗಿನ ಪೂರ್ವ ಕರಾವಳಿಯಲ್ಲಿ ಬಿಸಿಲು, ಶಾಂತವಾದ ಕಡಲು. ಡಿಸೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯದ ಗಾಳಿ ಬೀಸುವಾಗ ಎಲ್ಲ ತಿರುಗುಮುರುಗು. ದ್ವೀಪದ ಒಟ್ಟು ವಿಸ್ತೀರ್ಣ 65,610 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಪಾಲು. ಅಷ್ಟರೊಳಗೇ ಎರಡು ಮಳೆಗಾಲ, ಎರಡು ಬೇಸಿಗೆ.

ನಮಗೆ ರಜೆ ಹೊಂದಿದ್ದು ಆಗಸ್ಟ್‌ನಲ್ಲಿ. ಹೊರಟವರು ನಾನು, ನನ್ನ ಹೆಂಡತಿ, ಆನೆ ಅಂದರೆ ಪ್ರಾಣ ಬಿಡುವ ಮಗಳು, ಎಪ್ಪತ್ತು ದಾಟಿದ ನನ್ನ ಅಮ್ಮ. ಪ್ರವಾಸದ ಪಟ್ಟಿ ಮಾಡಲು ಕೂತಾಗ ಮೊದಲು ಮಾಡಿದ ಕೆಲಸ ಹೊಡೆದುಹಾಕುವುದು. ಗಾಲ್ ಕೋಟೆ, ಮಿರಿಸ್ಸಾದ ತಿಮಿಂಗಿಲ, ದಕ್ಷಿಣದ ಕಡಲತೀರಗಳು ಆಗಸ್ಟ್‌ಗೆ ಸಲ್ಲವು, ಅವು ಹೋದವು. ಜಾಫ್ನಾ ನೋಡಲೇಬೇಕಾದ ಊರು, ಆದರೆ ಕೊಲಂಬೊದಿಂದ ಸುಮಾರು 400 ಕಿಲೋಮೀಟರ್ ದೂರ. ಅದಕ್ಕೆಂದೇ ಒಂದು ಪ್ರಯಾಣ ಇಟ್ಟುಕೊಳ್ಳಬೇಕು, ಬೇರೆ ಊರುಗಳ ನಡುವೆ ತುರುಕಬಾರದು. ನಕ್ಷೆಯಲ್ಲಿ ಎಲ್ಲವೂ ಹತ್ತಿರ ಕಾಣುತ್ತವೆ. ಆದರೆ ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಉಳಿದ ರಸ್ತೆಗಳು ಊರೂರಿನ ನಡುವೆಯೇ ಹಾಯುತ್ತವೆ. ಗಂಟೆಗೆ 40 ಕಿಲೋಮೀಟರ್ ಅಂತ ಲೆಕ್ಕ ಹಿಡಿದರೆ ನೆಮ್ಮದಿ. ಹೀಗೆ ಕಡೆಗೆ ಉಳಿದದ್ದು ಅನುರಾಧಪುರ, ಸಿಗಿರಿಯ, ಪೊಲೊನ್ನರುವ, ತ್ರಿಕೋನಮಲೆ, ಕ್ಯಾಂಡಿ, ಅಲ್ಲಿಂದ ರೈಲಿನಲ್ಲಿ ಎಲ್ಲ ಎಂಬ ಬೆಟ್ಟದೂರು.

ಹೊರಡುವ ಮೊದಲು ನೋಡಿಕೊಳ್ಳಬೇಕಾದ ಕೆಲವು ವಿಷಯಗಳಿವೆ. ಇಟಿಎ ಎಂಬ ಪ್ರವೇಶ ಅನುಮತಿಯ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಸುವ ದಿನವೇ ಸರ್ಕಾರಿ ಜಾಲತಾಣದಲ್ಲಿ ನೋಡಿ. ಪ್ರತಿ ಹುಣ್ಣಿಮೆಯೂ ಅಲ್ಲಿ 'ಪೋಯ' ರಜೆ. ಅಂದು ದೇವಸ್ಥಾನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮದ್ಯ ಮಾರುವುದಿಲ್ಲ. ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ಸಿಗಿರಿಯದಂಥ ಕಡೆ ಟಿಕೆಟ್ ದರದಲ್ಲಿ ದೊಡ್ಡ ರಿಯಾಯಿತಿ ಇದೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಬೆಂಗಳೂರಿನಿಂದ ಕೊಲಂಬೊಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ನಿಲ್ದಾಣ ಇರುವುದು ನಗರದ ಉತ್ತರಕ್ಕೆ ಕಟುನಾಯಕದಲ್ಲಿ. ಉತ್ತರಕ್ಕೇ ಹೊರಟವರು ಕೊಲಂಬೊ ಹೊಕ್ಕು ಟ್ರಾಫಿಕ್‌ನಲ್ಲಿ ಅರ್ಧ ದಿನ ಕಳೆಯುವ ಅಗತ್ಯವೇ ಇಲ್ಲ.

ನಾವು ಗೊತ್ತು ಮಾಡಿಕೊಂಡಿದ್ದ ಕಾರಿನ ಚಾಲಕರು ಹಟ್ಟನ್ ಕಡೆಯ ತಮಿಳರು. ಬೆಂಗಳೂರಿನಲ್ಲಿ ಕಲಿತ ನನ್ನ ತಮಿಳು ಅವರ ಜೊತೆ ಮಾತಿಗೆ ಸಾಕಾಯಿತು. ಅಮ್ಮನನ್ನು ಮೊದಲ ದಿನದಿಂದಲೂ 'ಅಮ್ಮಾ' ಅಂತಲೇ ಕರೆದರು.

ಅನುರಾಧಪುರದಲ್ಲಿ ನಮ್ಮ ಮೊದಲ ಬೆಳಗು. ಅಶೋಕನ ಮಗಳು ಸಂಘಮಿತ್ರೆ ತಂದ ಬೋಧಿಯ ಕೊಂಬೆ ಕ್ರಿಸ್ತಪೂರ್ವ 3ನೇ ಶತಮಾನದಿಂದ ಅಲ್ಲಿ ಬೆಳೆಯುತ್ತಿದೆ ಅನ್ನುತ್ತಾರೆ. ಬಿಳಿ ಬಟ್ಟೆ ತೊಟ್ಟ ಜನ, ಕೈಯಲ್ಲಿ ನೀಲಿ ನೈದಿಲೆ, ಚಿನ್ನದ ಬಣ್ಣದ ಊರುಗೋಲಿನ ಮೇಲೆ ಮೈಚೆಲ್ಲಿದ ಮರದ ಕೊಂಬೆಗಳು. ಅಮ್ಮ ಕಟ್ಟೆಯ ಕೆಳಗೆ ಬಹಳ ಹೊತ್ತು ಕೂತಿದ್ದರು. ಆದರೆ ಅವರಿಗೆ ನಿಜಕ್ಕೂ ಉತ್ಸಾಹ ಬಂದದ್ದು ಆಮೇಲೆ, ತಿಸ್ಸ ವೆವದ ಏರಿ ಹತ್ತಿದಾಗ. ವೆವ ಅಂದರೆ ಕೆರೆ. ಅಮ್ಮನ ತವರು ಚನ್ನಗಿರಿಯ ಸೂಳೆಕೆರೆ ಬಯಲು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಅವರಿಗೆ ದಿನದ ಮಾತು. "ನೀರು ಎಲ್ಲಿಂದ ಬರುತ್ತೆ ಕೇಳೋ, ಹಳ್ಳ ಕಾಣಿಸ್ತಿಲ್ವಲ್ಲ" ಅಂದರು.

ನೀರು ಬರುವುದು ಕಾಲಾ ವೆವದಿಂದ. 5ನೇ ಶತಮಾನದಲ್ಲಿ ಧಾತುಸೇನ ದೊರೆ ಆ ದೊಡ್ಡ ಕೆರೆ ಕಟ್ಟಿಸಿ, ಅಲ್ಲಿಂದ ಅನುರಾಧಪುರದವರೆಗೆ ಸುಮಾರು 87 ಕಿಲೋಮೀಟರ್ ಉದ್ದದ ಕಾಲುವೆ ತೆಗೆಸಿದ. ಅದರ ಮೊದಲ 17 ಮೈಲಿಯಲ್ಲಿ ಮೈಲಿಗೆ 6 ಅಂಗುಲದಷ್ಟೇ ಇಳಿಜಾರು. ಇಂದಿನ ಉಪಕರಣ ಒಂದೂ ಇಲ್ಲದ ಕಾಲದಲ್ಲಿ ಇದನ್ನು ಅಳೆದವರು ಯಾರು, ಹೇಗೆ ಅಳೆದರು ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ವರ್ಷದಲ್ಲಿ ಬಹುಪಾಲು ಒಣಗಿರುವ ಈ ಬಯಲಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ರಾಜ್ಯ ನಡೆದದ್ದು ಹೀಗೆ ಹಿಡಿದಿಟ್ಟ ಮಳೆನೀರಿನಿಂದ.

ಧಾತುಸೇನನ ಕೊನೆಯ ಕಥೆಯನ್ನು ಚಾಲಕರು ಸಿಗಿರಿಯದ ದಾರಿಯಲ್ಲಿ ಹೇಳಿದರು. ಸಿಂಹಳದ ಹಳೆಯ ವಂಶಕಥೆಗಳಲ್ಲಿಯೂ ಇದಿದೆ. ಮಗ ಕಾಶ್ಯಪ ಅಪ್ಪನನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತು ಎಲ್ಲಿ ಅಂತ ಪೀಡಿಸಿದ. ಕಾಲಾ ವೆವಕ್ಕೆ ಕರೆದೊಯ್ಯಿರಿ, ತೋರಿಸುತ್ತೇನೆ ಎಂದ ಮುದುಕ. ಅಲ್ಲಿ ಕೆರೆಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ, ನನ್ನ ಸಂಪತ್ತೆಲ್ಲ ಇದೇ ಎಂದನಂತೆ. ಮಗ ಅವನನ್ನು ಕೊಲ್ಲಿಸಿದ. ಆ ಕಾಶ್ಯಪನೇ ತಮ್ಮ ಮೊಗ್ಗಲ್ಲಾನನ ಭಯದಿಂದ ಸುಮಾರು 200 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿಕೊಂಡು 477ರಿಂದ 495ರವರೆಗೆ ಆಳಿದ. ಅದೇ ಸಿಗಿರಿಯ.

ಸಿಗಿರಿಯಕ್ಕೆ ಸುಮಾರು 1,200 ಮೆಟ್ಟಿಲು. ಅಮ್ಮ ಕೆಳಗಿನ ಉದ್ಯಾನದಲ್ಲೇ ಉಳಿದರು. ಹಾಗೆ ಉಳಿದವರಿಗೆ ನಷ್ಟವೇನೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಂಡೆಯ ಬುಡದ ಜಲೋದ್ಯಾನಗಳು ಮೇಲೆ ಬಂಡೆಯ ಮೈಮೇಲಿರುವ ವರ್ಣಚಿತ್ರಗಳಷ್ಟೇ ದೊಡ್ಡ ಅದ್ಭುತ. ಚಪ್ಪಡಿಕಲ್ಲಿನಲ್ಲಿ ಕೊರೆದ ತೂತುಗಳ ಕಾರಂಜಿಗಳು ಮಳೆಗಾಲದಲ್ಲಿ ಒತ್ತಡ ಸಿಕ್ಕರೆ ಈಗಲೂ ಚಿಮ್ಮುತ್ತವೆ. ಮೇಲೆ ಹೋಗುವವರು ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಬೇಕು. ಒಂಬತ್ತರ ಮೇಲೆ ಕಲ್ಲು ಕಾಯುತ್ತದೆ, ಕಬ್ಬಿಣದ ಏಣಿಯಲ್ಲಿ ಸಾಲು ನಿಂತುಬಿಡುತ್ತದೆ.

ಮಗಳ ದಿನ ಮಿನ್ನೇರಿಯದ್ದು. ಅದೂ ಕೆರೆಯೇ, ಮಹಾಸೇನ ದೊರೆ ಕಟ್ಟಿಸಿದ್ದು, 3ನೇ ಶತಮಾನದ್ದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಸುತ್ತಲಿನ ಕಾಡಿನ ಆನೆಗಳೆಲ್ಲ ಅಲ್ಲಿಗೆ ಇಳಿಯುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ 200-300 ಆನೆ ಸೇರುವುದುಂಟು. ಕೆರೆಗೆ ನೀರು ಬಿಟ್ಟ ವರ್ಷ ಹುಲ್ಲು ಮುಳುಗಿ ಆನೆಗಳು ಪಕ್ಕದ ಕೌಡುಲ್ಲಕ್ಕೆ ಹೋಗುತ್ತವೆ. ಹಾಗಾಗಿ ಮಿನ್ನೇರಿಯವೇ ಬೇಕು ಅಂತ ಹಟ ಮಾಡದೆ, ಇವತ್ತು ಎಲ್ಲಿವೆ ಅಂತ ಜೀಪಿನವರನ್ನು ಕೇಳಿ ಹೋಗುವುದು ಒಳ್ಳೆಯದು. ನಮ್ಮೆದುರು ಒಂದು ಹೆಣ್ಣಾನೆ ಸೊಂಡಿಲಲ್ಲಿ ಹುಲ್ಲು ಸುತ್ತಿ, ಮುಂಗಾಲಿನ ಉಗುರಿನಿಂದ ಬುಡಕ್ಕೆ ಒದ್ದು ಕಿತ್ತು, ಮೊಣಕಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತಿತ್ತು. ಅದರ ಮರಿ ಅದನ್ನೇ ಮಾಡಲು ಹೋಗಿ ಹುಲ್ಲನ್ನೆಲ್ಲ ನೆಲಕ್ಕೆ ಚೆಲ್ಲುತ್ತಿತ್ತು. ಮಗಳು ಉಸಿರೆತ್ತಲಿಲ್ಲ.

ಪೊಲೊನ್ನರುವಕ್ಕೆ ಅರ್ಧ ದಿನ ಸಾಕು ಅಂತ ಹೇಳುವವರ ಮಾತು ಕೇಳಬೇಡಿ, ಪೂರ್ತಿ ದಿನ ಕೊಡಿ. ಚೋಳರನ್ನು 1070ರಲ್ಲಿ ಓಡಿಸಿ ಇಲ್ಲಿಂದ ಆಳಿದ ವಿಜಯಬಾಹು ಕರ್ನಾಟದ ದೊರೆಯೊಡನೆ ಉಡುಗೊರೆ, ರಾಯಭಾರ ಇಟ್ಟುಕೊಂಡಿದ್ದ. ಆ ದೊರೆ ಕಲ್ಯಾಣದ ಆರನೇ ವಿಕ್ರಮಾದಿತ್ಯ ಅನ್ನುತ್ತಾರೆ ಇತಿಹಾಸಕಾರರು. ಇಬ್ಬರಿಗೂ ಚೋಳರು ಹಗೆ. ಉಡುಗೊರೆ ಹೊತ್ತು ಹೊರಟ ಸಿಂಹಳದ ದೂತರನ್ನು ಚೋಳರು ನಡುದಾರಿಯಲ್ಲಿ ಹಿಡಿದು ಕಿವಿ ಮೂಗು ಕೊಯ್ದ ಪ್ರಸಂಗ ಸಿಂಹಳದ ಚರಿತ್ರೆಯಲ್ಲಿ ದಾಖಲಾಗಿದೆ. ಚೋಳರ ಕಾಲದ ಕಲ್ಲಿನ ಶಿವಾಲಯ ಅಲ್ಲೇ ಇನ್ನೂ ನಿಂತಿದೆ. ಅದರ ಅಂಗಳದಲ್ಲಿ ನಿಂತು ಈ ಕಥೆ ನೆನೆದರೆ ಬಸವಕಲ್ಯಾಣ ಎಷ್ಟು ಹತ್ತಿರ ಅನ್ನಿಸುತ್ತದೆ.

ಗಲ್ ವಿಹಾರದಲ್ಲಿ ಒಂದೇ ಬಂಡೆಯ ಮುಖದಲ್ಲಿ ಬುದ್ಧನ ನಾಲ್ಕು ವಿಗ್ರಹ, 12ನೇ ಶತಮಾನದ ಪರಾಕ್ರಮಬಾಹುವಿನ ಕಾಲದ್ದು. ಮಲಗಿದ ಬುದ್ಧನ ಉದ್ದ 14 ಮೀಟರ್. ದೂರದಿಂದ ಎಲ್ಲರೂ ಅದರ ಗಾತ್ರ ನೋಡುತ್ತಾರೆ. ನೀವು ತಲೆಯ ಹತ್ತಿರ ಹೋಗಿ ದಿಂಬು ನೋಡಿ. ತಲೆಯ ಭಾರಕ್ಕೆ ದಿಂಬು ತಗ್ಗಿದೆ, ತಗ್ಗಿದ ಅಂಚಿನಲ್ಲಿ ಬಟ್ಟೆ ಸ್ವಲ್ಪ ಉಬ್ಬಿದೆ. ಆಮೇಲೆ ಪಾದದ ಕಡೆ ನಡೆಯಿರಿ. ಮೇಲಿನ ಪಾದ ಕೆಳಗಿನದಕ್ಕೆ ಸಮನಾಗಿ ಕೂಡಿಲ್ಲ, ತುಸು ಹಿಂದೆ ಜಾರಿದೆ. ಇದು ನಿದ್ದೆಯಲ್ಲ, ಪರಿನಿರ್ವಾಣ ಅಂತ ತಿಳಿಯುವುದು ಆ ಜಾರುವಿಕೆಯಿಂದ. ಬಂಡೆಯ ಬೂದು, ಕಂದು ಪದರಗಳು ಮುಖದ ಮೇಲೆ ಹಾಯ್ದುಹೋಗಿವೆ. ಶಿಲ್ಪಿ ಅದಕ್ಕೆ ತಕ್ಕ ಜಾಗವನ್ನೇ ಆರಿಸಿಕೊಂಡನೇನೋ.

ತ್ರಿಕೋನಮಲೆಯಲ್ಲಿ ಕೋಣೇಶ್ವರನ ದರ್ಶನ, ನಿಲಾವೆಲಿಯ ಮೊಣಕಾಲುದ್ದದ ತಿಳಿನೀರಿನಲ್ಲಿ ಮಗಳ ಆಟ. ಅದೇ ದಿನ ಪಶ್ಚಿಮದ ತೀರದಲ್ಲಿ ಕಡಲಿಗಿಳಿಯಬೇಡಿ ಎಂಬ ಎಚ್ಚರಿಕೆ ಇತ್ತು ಅಂತ ಹೋಟೆಲಿನವರು ಹೇಳಿದರು.

ಊಟದ ಮಾತು ಸಸ್ಯಾಹಾರಿಗಳಿಗಾಗಿ. ಅನ್ನ, ಬೇಳೆಯ ಪರಿಪ್ಪು, ಎಳೆ ಹಲಸಿನ ಪೊಲೊಸ್, ಬೀಟ್‌ರೂಟ್ ಪಲ್ಯ ಎಲ್ಲ ಕಡೆ ಸಿಗುತ್ತದೆ. ಆದರೆ ತೆಂಗಿನತುರಿಯ ಪೊಲ್ ಸಂಬೋಲಕ್ಕೂ ಕೆಲವು ಪಲ್ಯಗಳಿಗೂ ಒಣಮೀನಿನ ಪುಡಿ 'ಉಂಬಲಕಡ' ಹಾಕುವ ರೂಢಿ. ಹಾಕಬೇಡಿ ಅಂತ ಮೊದಲೇ ಹೇಳಿದರೆ ಬೇರೆ ಮಾಡಿಕೊಡುತ್ತಾರೆ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಡುವುದನ್ನು ಮಾತ್ರ ತಪ್ಪಿಸಬೇಡಿ. ಕಿತುಲ್ ಅಂದರೆ ನಮ್ಮ ಮಲೆನಾಡಿನ ಬಗನಿ ಮರವೇ. ಅದರ ರಸ ಕಾಯಿಸಿ ಮಾಡಿದ ಪಾಕಕ್ಕೆ ಹೊಗೆಯ ಸಣ್ಣ ವಾಸನೆ ಇರುತ್ತದೆ. ಅಮ್ಮ ದಿನಾ ಕೇಳಿ ತಿಂದರು.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಎಂದು ಪೂಜಿಸುವ ದಂತಧಾತುವಿನ ಸಂಜೆಯ ಪೂಜೆ ನೋಡಿದೆವು. ಜುಲೈ-ಆಗಸ್ಟ್‌ನ ಎಸಳ ಪೆರಹೆರ ಮೆರವಣಿಗೆ ನೋಡುವ ಆಸೆ ಇದ್ದವರು ಆ ವರ್ಷದ ತಿಥಿ ನೋಡಿ ಕೊಠಡಿಯನ್ನು ತಿಂಗಳುಗಳ ಮೊದಲೇ ಹಿಡಿಯಬೇಕು.

ಕ್ಯಾಂಡಿಯಿಂದ ರೈಲು. ಕಾಯ್ದಿರಿಸಿದ ಸೀಟುಗಳು ಬೇಗ ಮುಗಿದುಹೋಗುತ್ತವೆ, ಬುಕಿಂಗ್ ತೆರೆದ ದಿನವೇ ಕೂರಬೇಕು. ಚಾಲಕರು ಕಾರನ್ನು ರಸ್ತೆಯಲ್ಲಿ ಮುಂದೆ ಒಯ್ದರು. ಹೊರಡುವಾಗ ಅವರು ಹೇಳಿದ್ದು ಮನಸ್ಸಿನಲ್ಲಿ ಕೂತಿದೆ: ಹಟ್ಟನ್ ದಾಟಿದ ಮೇಲೆ ಚಹಾ ತೋಟದ ಹಸಿರನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ, ನೀವು ತಗಡಿನ ಸೂರಿನ ಉದ್ದನೆಯ ಸಾಲುಮನೆಗಳನ್ನೂ ನೋಡಿ, ನಾನು ಹುಟ್ಟಿದ್ದು ಅಂಥದ್ದರಲ್ಲಿ. ಕಾಫಿಗೆ 1869ರಲ್ಲಿ ಎಲೆ ತುಕ್ಕು ರೋಗ ಬಂದು ತೋಟಗಳು ನಾಶವಾದ ಮೇಲೆ ಈ ಬೆಟ್ಟಗಳಿಗೆ ಚಹಾ ಹಬ್ಬಿತು. ಅದನ್ನು ಬೆಳೆಸಿದ್ದು ತಮಿಳುನಾಡಿನಿಂದ ಬಂದ ಕೂಲಿಗಳು. ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ದೇಶವಿಲ್ಲದವರನ್ನಾಗಿ ಮಾಡಿತು. ಆ ಗಾಯ ಮಾಯಲು ದಶಕಗಳು ಬೇಕಾದವು. ಕಿಟಕಿಯಾಚೆ ಬುಟ್ಟಿ ಹೊತ್ತ ಹೆಂಗಸರನ್ನು ಬರೀ ಚಿತ್ರದಂತೆ ನೋಡಲು ನನಗಂತೂ ಆಗಲಿಲ್ಲ.

ತಲವಾಕೆಲೆ, ನಾನು ಓಯ, ಎಲ್ಲೆಲ್ಲೂ ಮಳೆ. ಬೋಗಿಯೊಳಗೆ ಬೇಳೆ ವಡೆ ಮಾರುವವನು ಬಂದ. ವಡೆ ಕಟ್ಟಿಕೊಟ್ಟ ಕಾಗದ ಯಾವುದೋ ಮಗುವಿನ ಲೆಕ್ಕದ ನೋಟ್‌ಬುಕ್ಕಿನದು, ಕೆಂಪು ಶಾಯಿಯಲ್ಲಿ ಸರಿ ಗುರುತು ಬಿದ್ದದ್ದು. ದ್ವೀಪದ ಅತಿ ಎತ್ತರದ ನಿಲ್ದಾಣ ಪಟ್ಟಿಪೊಲ ದಾಟಿದ ಮೇಲೆ ಸುರಂಗ ಸಿಗುತ್ತದೆ. ಒಳಹೊಕ್ಕಾಗ ಗಾಜಿನ ಮೇಲೆ ನೀರು ಹರಿಯುತ್ತಿತ್ತು. ಹೊರಬಂದಾಗ ಬಿಸಿಲು, ಒಣಹುಲ್ಲು, ಕೆಳಗೆ ದೂರದವರೆಗೆ ತೆರೆದುಕೊಂಡ ಊವ ಕಣಿವೆ. ತಿಂಗಳುಗಟ್ಟಲೆ ಕಾಗದದ ಮೇಲೆ ಲೆಕ್ಕ ಹಾಕಿದ್ದ ಮಳೆಯ ಗಡಿಯನ್ನು ರೈಲು ನಮ್ಮ ಕಣ್ಣೆದುರಿಗೇ ದಾಟಿತ್ತು. ಊವದ ಚಹಾಕ್ಕೆ ಹೆಸರು ತಂದುಕೊಟ್ಟ ಪರಿಮಳ ಬರುವುದು ಕೂಡ ಈ ತಿಂಗಳುಗಳ ಒಣಗಾಳಿಯಿಂದಲೇ.

2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಈ ಬೆಟ್ಟಗಳಲ್ಲಿ ಭಾರೀ ಭೂಕುಸಿತ ತಂದಿತು, ನೂರಾರು ಜನ ಸತ್ತರು, ರೈಲು ಹಳಿಗೂ ದೊಡ್ಡ ಪೆಟ್ಟು ಬಿತ್ತು. ಈಗ ಹೋಗುವವರು ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಅಂತ ವಿಚಾರಿಸಿಕೊಂಡೇ ಯೋಜನೆ ಹಾಕಿ. ಆದರೆ ಹೋಗುವುದನ್ನು ಬಿಡಬೇಡಿ. ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಪ್ರವಾಸಿಗರಿಂದ.

ಜನವರಿಯಿಂದ ಮಾರ್ಚ್‌ವರೆಗೆ ಹೋಗುವವರು ನಾವು ಹೊಡೆದುಹಾಕಿದ ಪಟ್ಟಿಯನ್ನೇ ಎತ್ತಿಕೊಳ್ಳಿ: ಗಾಲ್ ಕೋಟೆಯಲ್ಲಿ ತಂಗುವುದು, ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲ, ಜೊತೆಗೆ ಯಾಲ ಕಾಡಿನ ಚಿರತೆ, ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖದವರೆಗೆ ನಡೆಯುವ ಶ್ರೀಪಾದ ಎಂಬ ಬೆಟ್ಟದ ಯಾತ್ರೆ. ನಮ್ಮ ಮುಂದಿನ ಪ್ರಯಾಣವೂ ಅದೇ. ಚಾಲಕರಿಗೆ ಫೋನ್ ಮಾಡಿದ್ದೆ. ರತ್ನಪುರದ ಕಡೆಯ ದಾರಿ ಉದ್ದ, ಮಗು ಜೊತೆಗಿದೆಯಲ್ಲ, ಹಟ್ಟನ್ ಕಡೆಯ ನಲ್ಲತಣ್ಣಿಯಿಂದಲೇ ಹತ್ತೋಣ, ಅಮ್ಮ ಅಷ್ಟು ಹೊತ್ತು ನಮ್ಮ ಮನೆಯಲ್ಲಿ ಇರಲಿ ಅಂದರು.